ಉತ್ಸವದ ಜಾಗ ಬದಲಾಗಿದೆಯೇ? ಕೈರೋಗೆ ಬೆಲ್ಲಿ ಡ್ಯಾನ್ಸ್ ಕಲಿಯಲು ಹೊರಡುವವರಿಗೆ

ಬೆಲ್ಲಿ ಡ್ಯಾನ್ಸ್ ಕಲಿಯುವವರಿಗೆ ಕೈರೋ ಎಂದರೆ ತವರು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ನಾಲ್ಕಾರು ವರ್ಷ ಸೊಂಟಕ್ಕೆ ಗೆಜ್ಜೆ ಹೊಲಿದ ಬಟ್ಟೆ ಕಟ್ಟಿ ಅಭ್ಯಾಸ ಮಾಡಿದವರು ಒಂದಲ್ಲ ಒಂದು ದಿನ ಅಲ್ಲಿನ ಉತ್ಸವ ನೋಡಬೇಕು, ಅಲ್ಲಿನ ಗುರುಗಳ ಮುಂದೆ ನಿಲ್ಲಬೇಕು ಎಂದು ಹಣ ಕೂಡಿಡುತ್ತಾರೆ. ಮುಂಗಡ ಕಟ್ಟಿ, ಕಚೇರಿಯಲ್ಲಿ ರಜೆ ಬರೆದುಕೊಟ್ಟು, ವಿಮಾನದ ಟಿಕೆಟ್ ಹುಡುಕುತ್ತಿರುವಾಗ ಸಂಘಟಕರಿಂದ ಒಂದು ಸಂದೇಶ ಬರುತ್ತದೆ: ಈ ಸಲ ಉತ್ಸವ ಹಳೆಯ ಹೋಟೆಲ್ಲಿನಲ್ಲಿ ಇಲ್ಲ, ಹೊಸ ಜಾಗದಲ್ಲಿ.

ಹೆಚ್ಚಿನವರು ಇದನ್ನು ವಿಳಾಸದ ಬದಲಾವಣೆ ಎಂದಷ್ಟೇ ಓದಿ ಮುಂದೆ ಹೋಗುತ್ತಾರೆ. ಹಾಗೆ ಓದಬೇಡಿ ಎನ್ನುವುದಕ್ಕೇ ಈ ಲೇಖನ. ಜಾಗ ಬದಲಾದರೆ ಕಾಲ ಕೆಳಗಿನ ನೆಲ ಬದಲಾಗುತ್ತದೆ, ಈಜಿಪ್ಟಿನ ತಬಲಾ (ನಮ್ಮ ತಬಲಾ ಅಲ್ಲ, ಬಟ್ಟಲಿನಾಕಾರದ ಒಂಟಿ ಡೋಲು) ಕೇಳುವ ರೀತಿ ಬದಲಾಗುತ್ತದೆ, ರಾತ್ರಿ ಮೂರಕ್ಕೆ ಕೋಣೆಗೆ ಮರಳುವ ದಾರಿ ಬದಲಾಗುತ್ತದೆ. ನೀವು ಎಷ್ಟು ಕಲಿತು ಬರುತ್ತೀರಿ ಎನ್ನುವುದರಲ್ಲಿ ಗುರುಗಳ ಪಾಲು ಎಷ್ಟೋ, ಸಭಾಂಗಣದ ಪಾಲೂ ಹೆಚ್ಚುಕಡಿಮೆ ಅಷ್ಟೇ.

ಈ ನೃತ್ಯದ ಇತಿಹಾಸವೇ ಅದಕ್ಕೆ ಸಾಕ್ಷಿ. ಮನೆಯಂಗಳದಲ್ಲಿ, ಮದುವೆಯ ಚಪ್ಪರದಲ್ಲಿ ನಿಂತಲ್ಲೇ ಸೊಂಟ ಹೊರಳಿಸಿ ಕುಣಿಯುತ್ತಿದ್ದ ಪದ್ಧತಿ ಅದು. ನರ್ತಕಿ ಬದಿಯಾ ಮಸಬ್ನಿ 1926ರಲ್ಲಿ ಕೈರೋದಲ್ಲಿ ತನ್ನದೇ ಸಂಗೀತ ಭವನ ತೆರೆದಾಗ ನರ್ತಕಿಯ ಎದುರಿಗೆ ಅಗಲವಾದ ವೇದಿಕೆ ಬಂತು, ದೂರದಲ್ಲಿ ಕುರ್ಚಿಗಳ ಸಾಲು ಬಂತು. ವೇದಿಕೆ ತುಂಬಬೇಕಾದ್ದರಿಂದ ಹೆಜ್ಜೆಗಳು ಆಚೀಚೆ ಸಾಗಿದವು, ಹಿಂದಿನ ಸಾಲಿಗೂ ಕಾಣಬೇಕಾದ್ದರಿಂದ ತೋಳುಗಳು ಮೇಲೆದ್ದು ಹರಡಿದವು. ಹೆಸರಾಂತ ನರ್ತಕಿಯರಾದ ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಬೆಳೆದದ್ದು ಅದೇ ವೇದಿಕೆಯ ಮೇಲೆ. ಮುಂದೆ ಬದಿಯಾ ಕಟ್ಟಿದ ಕ್ಯಾಸಿನೊ ಅಪೇರಾ 1952ರ ಜನವರಿ 26ರ ಕೈರೋ ದೊಂಬಿಯಲ್ಲಿ ಸುಟ್ಟುಹೋಯಿತು. ನೃತ್ಯ ಪಿರಮಿಡ್ ರಸ್ತೆಯ ನೈಟ್‌ಕ್ಲಬ್ಬುಗಳಿಗೆ ಹೋಯಿತು. 1977ರ ಜನವರಿಯಲ್ಲಿ ಬ್ರೆಡ್ ಬೆಲೆಯೇರಿಕೆಯ ವಿರುದ್ಧ ನಡೆದ ಗಲಭೆಯಲ್ಲಿ ಅವುಗಳ ಮೇಲೂ ದಾಳಿಯಾಯಿತು. ಆಮೇಲೆ ಪಂಚತಾರಾ ಹೋಟೆಲ್ಲು, ನೈಲ್ ಮೇಲಿನ ದೋಣಿ. ಪ್ರತಿ ಜಾಗವೂ ಕುಣಿತಕ್ಕೆ ತನ್ನ ಅಳತೆ ಕೊಟ್ಟಿತು. ದೋಣಿಯ ಮೇಲೆ ಊಟದ ಮೇಜುಗಳ ನಡುವೆ ಕುಣಿಯುವವರು ಇಂದಿಗೂ ಬಿಗಿಯಾಗಿ, ಸಣ್ಣ ಜಾಗದಲ್ಲಿ ಕುಣಿಯುತ್ತಾರೆ.

ಇನ್ನು ಉತ್ಸವಗಳ ವಿಷಯ. ಮಹಮೂದ್ ರೆದಾ 1959ರಲ್ಲಿ ಕಟ್ಟಿದ ಜಾನಪದ ತಂಡದಲ್ಲಿ ಪಳಗಿದ ರಾಕಿಯಾ ಹಸನ್ ಆರಂಭಿಸಿದ ‘ಅಹ್ಲನ್ ವ ಸಹ್ಲನ್’ ಇವುಗಳಲ್ಲಿ ಹೆಸರುವಾಸಿ. ನರ್ತಕಿ ರಾಂದಾ ಕಾಮೆಲ್ ನಡೆಸುವ ಉತ್ಸವವಿದೆ, ‘ನೈಲ್ ಗ್ರೂಪ್’ ಉತ್ಸವವಿದೆ. ಜಪಾನ್, ಚೀನಾ, ರಷ್ಯಾ, ಲ್ಯಾಟಿನ್ ಅಮೆರಿಕದಿಂದ ಜನ ಬರುತ್ತಾರೆ. ಎಲ್ಲ ಕಡೆ ಸ್ವರೂಪ ಒಂದೇ: ಹಗಲು ಪಾಠ, ಸಂಜೆ ಸ್ಪರ್ಧೆ ಅಥವಾ ಮುಕ್ತ ವೇದಿಕೆ, ಆರಂಭಕ್ಕೂ ಮುಕ್ತಾಯಕ್ಕೂ ಅದ್ದೂರಿ ಗಾಲಾ ಪ್ರದರ್ಶನ, ಹೋಟೆಲ್ ಮೊಗಸಾಲೆಯಲ್ಲಿ ವೇಷಭೂಷಣದ ಸಂತೆ. ‘ಅಹ್ಲನ್ ವ ಸಹ್ಲನ್’ ಹಲವು ವರ್ಷ ನಡೆದದ್ದು ಗೀಝಾ ಪಿರಮಿಡ್ಡುಗಳ ಬುಡದಲ್ಲಿರುವ ಮೇನಾ ಹೌಸ್ ಹೋಟೆಲ್ಲಿನಲ್ಲಿ. 1943ರಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಚಿಯಾಂಗ್ ಕೈ-ಷೆಕ್ ಸೇರಿ ಮಾತುಕತೆ ನಡೆಸಿದ ಹೋಟೆಲ್ ಅದು. 1970ರ ದಶಕದಿಂದ 2012ರವರೆಗೆ ಅದನ್ನು ನಡೆಸುತ್ತಿದ್ದುದು ನಮ್ಮ ಓಬೆರಾಯ್ ಸಂಸ್ಥೆ ಎನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದ್ದು

ಸಂಘಟಕರಿಗೆ ಪತ್ರ ಬರೆಯಲು ಸಂಕೋಚ ಬೇಡ. ದುಡ್ಡು ಕೊಡುವವರು ನೀವು. ಹೊಸ ಹೋಟೆಲ್ಲಿನ ಹೆಸರು, ಅದು ಕೈರೋದ ಯಾವ ಭಾಗದಲ್ಲಿದೆ, ಪಾಠ ಮತ್ತು ಗಾಲಾ ಎರಡೂ ಒಂದೇ ಕಟ್ಟಡದಲ್ಲೋ ಬೇರೆಬೇರೆ ಕಡೆಯೋ, ಪಾಠದ ಕೋಣೆಯಲ್ಲಿ ಕನ್ನಡಿ ಇದೆಯೋ, ನೆಲ ಯಾವುದು, ಬಟ್ಟೆ ಬದಲಿಸುವ ಕೋಣೆ ವೇದಿಕೆಯಿಂದ ಎಷ್ಟು ದೂರ, ಒಂದು ತರಗತಿಗೆ ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಎಚ್ಚರ. ಹಳೆಯ ಸಭಾಂಗಣಕ್ಕಿಂತ ಹೊಸದು ಚಿಕ್ಕದಾಗಿದ್ದು ಜನ ಮಾತ್ರ ಅಷ್ಟೇ ಇದ್ದರೆ, ಹಿಂದಿನ ಸಾಲಿನಲ್ಲಿ ನಿಂತವರಿಗೆ ಗುರುವಿನ ತಲೆ ಕಾಣುತ್ತದೆ, ಸೊಂಟ ಕಾಣುವುದಿಲ್ಲ. ಈ ನೃತ್ಯದಲ್ಲಿ ಸೊಂಟ ಕಾಣದ ಪಾಠ ಪಾಠವೇ ಅಲ್ಲ.

ಹಳೆಯ ಜಾಗ ನೋಡಿ ಮುಂಗಡ ಕಟ್ಟಿದವರು ಹಣ ವಾಪಸಾತಿಯ ನಿಯಮವನ್ನೂ ಬರಹದಲ್ಲಿ ಪಡೆದುಕೊಳ್ಳಬೇಕು. ಉತ್ಸವದ ಶುಲ್ಕ ಬೇರೆ, ಕೋಣೆಯ ಬಾಡಿಗೆ ಬೇರೆ. ಹಳೆಯ ಹೋಟೆಲ್ಲಿನಲ್ಲಿ ನೀವೇ ನೇರವಾಗಿ ಕೋಣೆ ಹಿಡಿದಿದ್ದರೆ ಅದನ್ನು ರದ್ದು ಮಾಡುವ ಹೊಣೆ ನಿಮ್ಮದು. ಸಂಘಟಕರು ಮಾಡುತ್ತಾರೆಂದು ಕಾಯುತ್ತ ಕೂರಬೇಡಿ. ಶುಲ್ಕವನ್ನು ಸಾಮಾನ್ಯವಾಗಿ ಡಾಲರ್ ಅಥವಾ ಯೂರೊದಲ್ಲಿ ಹೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಈಜಿಪ್ಟಿನ ಪೌಂಡ್ ಒಂದೇ ದಿನದಲ್ಲಿ ಡಾಲರಿಗೆ ಸುಮಾರು 31ರಿಂದ 50ರ ಹತ್ತಿರಕ್ಕೆ ಕುಸಿಯಿತು. ಊಟ, ಟ್ಯಾಕ್ಸಿ, ಬಟ್ಟೆ ನಮ್ಮ ರೂಪಾಯಿಗೆ ಹಗುರವಾದವು, ಆದರೆ ಡಾಲರಿನಲ್ಲಿ ಹೇಳುವ ಉತ್ಸವದ ಶುಲ್ಕ ಹಗುರವಾಗಲಿಲ್ಲ. ಲೆಕ್ಕ ಹಾಕುವಾಗ ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಎಲ್ಲ ಪಾಠಗಳ ಇಡೀ ಪ್ಯಾಕೇಜ್ ಕೊಳ್ಳಬೇಡಿ. ದಿನಕ್ಕೆ ಎರಡು ತರಗತಿ ಸಾಕು. ತರಗತಿಯೊಂದು ಎರಡು ತಾಸಿನಷ್ಟು ನಡೆಯುತ್ತದೆ. ಮೂರನೆಯದರ ಹೊತ್ತಿಗೆ ಮಂಡಿ ಮಾತು ಕೇಳುವುದಿಲ್ಲ, ತಲೆಯೂ ಕೇಳುವುದಿಲ್ಲ.

ನೆಲ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸ ಜಾಗದಲ್ಲಿ ಮೊದಲು ಕೈಕೊಡುವುದು ನೆಲ.

ಹೋಟೆಲ್ಲಿನ ದೊಡ್ಡ ಸಭಾಂಗಣಗಳನ್ನು ಕಟ್ಟುವುದು ಮದುವೆ, ಸಮ್ಮೇಳನಗಳಿಗಾಗಿ, ನೃತ್ಯಕ್ಕಲ್ಲ. ಹಾಗಾಗಿ ಅಲ್ಲಿ ಸಿಗುವುದು ಕಾಂಕ್ರೀಟಿನ ಮೇಲೆ ಅಂಟಿಸಿದ ಕಾರ್ಪೆಟ್, ಇಲ್ಲವೇ ಹೊಳೆಯುವ ಅಮೃತಶಿಲೆ. ನೃತ್ಯದ ಸ್ಟುಡಿಯೊದಲ್ಲಿ ಮರದ ಹಲಗೆಯ ಕೆಳಗೆ ಟೊಳ್ಳು ಬಿಟ್ಟಿರುತ್ತಾರೆ. ಕಾಲೂರಿದಾಗ ಅದು ಕೂದಲೆಳೆಯಷ್ಟು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕಾಂಕ್ರೀಟು ನುಂಗುವುದಿಲ್ಲ, ಪೆಟ್ಟು ನೇರವಾಗಿ ಮಂಡಿಯ ಕೆಳಗಿನ ಮುಂಭಾಗದ ಎಲುಬಿಗೆ, ಮಂಡಿಗೆ, ಕೆಳಬೆನ್ನಿಗೆ ಹೋಗುತ್ತದೆ. ಭರತನಾಟ್ಯ ಕಲಿತು ಗ್ರಾನೈಟ್ ನೆಲದ ಮೇಲೆ ತಟ್ಟು ಹಾಕಿದವರಿಗೆ ಈ ನೋವು ಹೊಸದಲ್ಲ.

ಕಾರ್ಪೆಟ್ಟಿನ ಅಪಾಯ ಬೇರೆ ಥರದ್ದು. ಬರಿಗಾಲಿನಲ್ಲಿ ಗಿರಕಿ ಹೊಡೆಯುವಾಗ ದಾರಗಳು ಪಾದವನ್ನು ಹಿಡಿದುಕೊಳ್ಳುತ್ತವೆ. ಮೈ ತಿರುಗಿತು, ಪಾದ ತಿರುಗಲಿಲ್ಲ ಎಂದಾದರೆ ಆ ತಿರುಚು ಬೀಳುವುದು ಮಂಡಿಯ ಮೇಲೆ. ಇದಕ್ಕೆ ಪಾದದ ಮುಂಭಾಗವನ್ನಷ್ಟೇ ಮುಚ್ಚುವ ಚರ್ಮದ ಅರ್ಧಪಾದರಕ್ಷೆ ಜತೆಗಿರಲಿ. ಲಿರಿಕಲ್ ಷೂ ಎಂದು ಕೇಳಿದರೆ ನೃತ್ಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅಮೃತಶಿಲೆಯ ಮೇಲೆ ಇದೇ ಚರ್ಮ ಜಾರುತ್ತದೆ, ಅಲ್ಲಿ ರಬ್ಬರ್ ತಳದ ಮೆತ್ತನೆ ಷೂ ಬೇಕು. ಯಾವ ನೆಲವೆಂದು ಗೊತ್ತಿಲ್ಲದಿದ್ದರೆ ಎರಡನ್ನೂ ಒಯ್ಯಿರಿ. ಎರಡೂ ಸೇರಿ ಒಂದು ಸೀರೆಯಷ್ಟೂ ಭಾರವಿಲ್ಲ.

ಗಾಲಾ ರಾತ್ರಿಗೆಂದು ಕೆಲವೆಡೆ ಕಾರ್ಪೆಟ್ಟಿನ ಮೇಲೆಯೇ ಚೌಕ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ತಾತ್ಕಾಲಿಕ ನೆಲ ಹಾಸುತ್ತಾರೆ. ಪ್ರತಿ ಹಲಗೆ ಮೂರು ಅಡಿ ಚೌಕದಷ್ಟಿರುತ್ತದೆ, ಅಂಚಿಗೆ ಇಳಿಜಾರಿನ ಲೋಹದ ಪಟ್ಟಿ. ವೇದಿಕೆ ಹತ್ತುವವರು ಹಗಲಿನಲ್ಲೇ ಹೋಗಿ ಇದರ ಮೇಲೆ ಬರಿಗಾಲಲ್ಲಿ ನಿಧಾನವಾಗಿ ನಡೆಯಬೇಕು. ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ಸಿಗುತ್ತದೆ: ಒಂದು ಹಲಗೆ ಪಕ್ಕದ್ದಕ್ಕಿಂತ ಉಗುರಿನ ದಪ್ಪದಷ್ಟು ಮೇಲೆದ್ದಿರುತ್ತದೆ, ಒಂದು ಕಡೆ ತಿರುಪು ತಲೆ ಎತ್ತಿರುತ್ತದೆ, ಇನ್ನೊಂದು ಕಡೆ ಕಾಲಿಟ್ಟರೆ ಹಲಗೆ ಟಕ್ಕೆಂದು ಅಲುಗುತ್ತದೆ. ಹಿಂದಿನ ಪ್ರದರ್ಶನಗಳಲ್ಲಿ ಉದುರಿದ ಮಣಿಗಳು ಸಂದುಗಳಲ್ಲಿ ಕೂತಿರುತ್ತವೆ. ಬಟಾಣಿಗಿಂತ ಚಿಕ್ಕದಾದ ಒಂದು ಗಾಜಿನ ಮಣಿ ಗಿರಕಿಯ ನಡುವೆ ಅಂಗಾಲಿಗೆ ಚುಚ್ಚಿದರೆ ಆ ರಾತ್ರಿ ಮುಗಿದಂತೆಯೇ. ಅಲುಗುವ ಹಲಗೆ ಕಂಡರೆ ಅಲ್ಲಿಯೇ ಇರುವ ತಂತ್ರಜ್ಞರನ್ನು ಕರೆದು ತೋರಿಸಿ, ಅಂಟುಪಟ್ಟಿ ಹಾಕಿಸಿ. ಅದಾಗದಿದ್ದರೆ ಗಿರಕಿಯ ಜಾಗವನ್ನು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿಕೊಳ್ಳಿ. ಬೆಳಕಿನ ವ್ಯವಸ್ಥೆಯನ್ನೂ ಆಗಲೇ ನೋಡಿ; ಎದುರಿನ ದೀಪ ಕಣ್ಣಿಗೆ ಹೊಡೆದರೆ ಹಲಗೆಯ ಅಂಚು ಎಲ್ಲಿ ಮುಗಿಯಿತೆಂದು ತಿಳಿಯದು.

ಕಿವಿಯ ಪರೀಕ್ಷೆಯೂ ಅಷ್ಟೇ ಮುಖ್ಯ. ಖಾಲಿ ಸಭಾಂಗಣದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು ಕೂಡಲೇ ಸತ್ತರೆ ಒಳ್ಳೆಯ ಕೋಣೆ. ಕನ್ನಡಿ, ಕಲ್ಲು, ಎತ್ತರದ ಚಾವಣಿ ಇರುವ ಕಡೆ ಅದು ಸುತ್ತಾಡಿ ಮತ್ತೆ ಬರುತ್ತದೆ. ಅಂಥ ಕೋಣೆಯಲ್ಲಿ ಈಜಿಪ್ಟಿನ ತಬಲಾದ ದುಮ್ ಮತ್ತು ತಕ್ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮಕ್ಸೂಮ್‌ನಂಥ ನಾಲ್ಕು ಮಾತ್ರೆಯ ತಾಳದಲ್ಲಿ ಒಳಪೆಟ್ಟುಗಳೇ ಸೊಂಟಕ್ಕೆ ಸೂಚನೆ ಕೊಡುವಂಥವು. ಅವು ಕೇಳಿಸದಿದ್ದರೆ ನೀವು ತಾಳಕ್ಕಿಂತ ಅರೆಕ್ಷಣ ಹಿಂದೆ ಬೀಳುತ್ತೀರಿ, ತಪ್ಪು ನಿಮ್ಮದೆಂದು ಕೊರಗುತ್ತೀರಿ. ಪಾಠದಲ್ಲಿ ಧ್ವನಿವರ್ಧಕದ ಹತ್ತಿರ ನಿಲ್ಲಿ. ಸ್ಪರ್ಧೆಯಲ್ಲಿ ವೇದಿಕೆಯ ಮೇಲಿನ ಮಾನಿಟರ್ ಧ್ವನಿ ಹೆಚ್ಚಿಸುವಂತೆ ಮೊದಲೇ ಕೇಳಿಕೊಳ್ಳಿ. ಸಂಗೀತದ ಫೈಲನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ, ಮೊಬೈಲಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

ಹೋಗುವ ದಾರಿ, ಮರಳುವ ದಾರಿ

ಬೆಂಗಳೂರಿನಿಂದ ಕೈರೋಗೆ ಹೋಗುವವರು ಸಾಮಾನ್ಯವಾಗಿ ದುಬೈ, ಅಬುಧಾಬಿ, ದೋಹಾದಂಥ ಕೊಲ್ಲಿ ನಗರಗಳಲ್ಲಿ ವಿಮಾನ ಬದಲಿಸುತ್ತಾರೆ. ಮುಂಬೈ, ದೆಹಲಿಯಿಂದ ಈಜಿಪ್ಟ್ ಏರ್‌ನ ನೇರ ವಿಮಾನಗಳಿವೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮೊದಲು ದೆಹಲಿಯಲ್ಲಿರುವ ಈಜಿಪ್ಟ್ ರಾಯಭಾರ ಕಚೇರಿಯನ್ನೋ ಮುಂಬೈನ ಕಾನ್ಸುಲೇಟನ್ನೋ ವಿಚಾರಿಸಿ. ಅರ್ಜಿಯಲ್ಲಿ ಹಳೆಯ ಹೋಟೆಲ್ಲಿನ ವಿಳಾಸ ಬರೆದಿದ್ದು, ಆಮೇಲೆ ಜಾಗ ಬದಲಾಗಿದ್ದರೆ, ಹೊಸ ಬುಕಿಂಗ್ ಪತ್ರದ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ವಲಸೆ ಅಧಿಕಾರಿ ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.

ಕೈರೋ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ನಗರದ ಈಶಾನ್ಯಕ್ಕೆ, ಪಿರಮಿಡ್ಡುಗಳು ನೈಋತ್ಯಕ್ಕೆ. ಅಂದರೆ ಇಡೀ ಕೈರೋ ದಾಟಬೇಕು. ಸಂಚಾರ ದಟ್ಟಣೆಯಲ್ಲಿ ಒಂದೂವರೆ ತಾಸು ಹಿಡಿದರೂ ಆಶ್ಚರ್ಯವಿಲ್ಲ. ಹೊಸ ಜಾಗ ಹೆಲಿಯೊಪೊಲಿಸ್ ಕಡೆ ಇದ್ದರೆ ನಿಲ್ದಾಣಕ್ಕೆ ಹತ್ತಿರ, ಆದರೆ ಪಿರಮಿಡ್ ದೂರ. ಗೀಝಾ ಕಡೆ ಇದ್ದರೆ 2025ರ ನವೆಂಬರ್ 1ರಂದು ವಿಧ್ಯುಕ್ತವಾಗಿ ತೆರೆದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಪಕ್ಕದಲ್ಲೇ ಸಿಗುತ್ತದೆ. ನಗರದ ನಡುವೆ, ನೈಲ್ ದಂಡೆಯಲ್ಲಿದ್ದರೆ ಮೆಟ್ರೊ ಇದೆ. 1987ರಲ್ಲಿ ಶುರುವಾದ ಈ ಮೆಟ್ರೊ ಅಗ್ಗ, ವೇಗ, ಮಹಿಳೆಯರಿಗೆ ಪ್ರತ್ಯೇಕ ಬೋಗಿಗಳಿವೆ. ರಸ್ತೆಯಲ್ಲಿ ಕೈ ಅಡ್ಡ ಹಾಕಿ ಟ್ಯಾಕ್ಸಿ ಹತ್ತುವುದಕ್ಕಿಂತ ಊಬರ್ ಅಥವಾ ಕರೀಮ್ ಆ್ಯಪ್ ಮೇಲು. ದರದ ಜಗಳವಿಲ್ಲ, ದಾರಿ ಮೊಬೈಲಿನಲ್ಲಿ ಕಾಣುತ್ತದೆ. ಹೋಟೆಲ್ಲಿನ ಹೆಸರನ್ನೂ ವಿಳಾಸವನ್ನೂ ಅರಬ್ಬಿಯಲ್ಲಿ ಬರೆಸಿಟ್ಟುಕೊಳ್ಳಿ. ಹೊಸ ಜಾಗವಾದರೆ ಚಾಲಕರಿಗೂ ಅದು ಹೊಸದೇ.

ಗಾಲಾ ಪ್ರದರ್ಶನ ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಎರಡು, ಮೂರು ಗಂಟೆಯವರೆಗೂ ನಡೆಯುತ್ತದೆ. ಕೈರೋದ ಬೇಸಿಗೆ ಸಮಯ ನಮಗಿಂತ ಎರಡೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಮೂರೂವರೆ ತಾಸು. ಹಾಗಾಗಿ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂದಾದರೆ ನಿಮ್ಮ ಮೈ ಇನ್ನೂ ಬೆಂಗಳೂರಿನ ಮೂರೂವರೆಯಲ್ಲಿರುತ್ತದೆ. ಎರಡು ದಿನ ಮೊದಲೇ ತಲುಪಿದರೆ ಈ ಕಷ್ಟ ಇಳಿಯುತ್ತದೆ. ಅದೇ ಎರಡು ದಿನಗಳಲ್ಲಿ ಸಭಾಂಗಣ ನೋಡಿ ಬರಬಹುದು, ನಾಳೆ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ನೀರು ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿದೆ ಎಂದು ತಿಳಿದಿರುತ್ತದೆ. ಉತ್ಸವದ ಹೋಟೆಲ್ ದುಬಾರಿಯೆಂದು ದೂರದ ಕೋಣೆ ಹಿಡಿಯುವವರನ್ನು ಕಂಡಿದ್ದೇನೆ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಇದು ಸರಿಯಾದ ಉಳಿತಾಯವಲ್ಲ. ಬೇರೆ ದೇಶದ ನರ್ತಕಿಯೊಬ್ಬರೊಂದಿಗೆ ಕೋಣೆ ಹಂಚಿಕೊಂಡು ಅದೇ ಹೋಟೆಲ್ಲಿನಲ್ಲಿ ಉಳಿಯಿರಿ. ಸಂಘಟಕರನ್ನು ಕೇಳಿದರೆ ಜತೆ ಹೊಂದಿಸಿ ಕೊಡುತ್ತಾರೆ.

ಕೈರೋದ ಬೀದಿಗಳಲ್ಲಿ ಮಹಿಳೆಯರಿಗೆ ಕಿರುಕುಳ ಇದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2014ರಲ್ಲಿ ಅದನ್ನು ಅಪರಾಧವೆಂದು ಕಾನೂನು ಬಂತು, 2021ರಲ್ಲಿ ಶಿಕ್ಷೆ ಹೆಚ್ಚಾಯಿತು. ಆದರೂ ಎಚ್ಚರ ನಮ್ಮದಿರಬೇಕು. ಹೋಟೆಲ್ಲಿನ ಬಾಗಿಲು ದಾಟುವಾಗ ಮೈ ತುಂಬ ಬಟ್ಟೆ ಇರಲಿ. ನಮ್ಮ ಚೂಡಿದಾರ್, ದುಪ್ಪಟ್ಟಾ ಅಲ್ಲಿ ಧಾರಾಳವಾಗಿ ಸಲ್ಲುತ್ತದೆ. ವೇದಿಕೆಯ ಮೇಕಪ್ಪಿನಲ್ಲೇ ಬೀದಿಗಿಳಿಯಬೇಡಿ. ಪೊಲೀಸ್ 122, ಆಂಬುಲೆನ್ಸ್ 123, ಪ್ರವಾಸಿ ಪೊಲೀಸ್ 126. ಭಾರತೀಯ ರಾಯಭಾರ ಕಚೇರಿ ಝಮಾಲೆಕ್ ಬಡಾವಣೆಯಲ್ಲಿದೆ. ಅದರ ತುರ್ತು ಸಂಖ್ಯೆಯನ್ನು ಹೊರಡುವ ಮೊದಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಔಷಧ ಮತ್ತು ಕಾನೂನು

ನರ್ತಕರ ಚೀಲದಲ್ಲಿ ನೋವಿನ ಮಾತ್ರೆ ಇದ್ದೇ ಇರುತ್ತದೆ. ಟ್ರಾಮಡಾಲ್ ಇರುವ ಯಾವ ಮಾತ್ರೆಯನ್ನೂ ಈಜಿಪ್ಟಿಗೆ ಒಯ್ಯಬೇಡಿ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಈ ಮಾತ್ರೆಗಳೊಂದಿಗೆ ಸಿಕ್ಕಿಬಿದ್ದು ಮೂರು ವರ್ಷದ ಜೈಲು ಶಿಕ್ಷೆಗೆ ಗುರಿಯಾದರು. ನಮ್ಮಲ್ಲಿ ವೈದ್ಯರು ಬೆನ್ನುನೋವಿಗೆ ಬರೆದುಕೊಡುವ ಕೆಲವು ಜೋಡಿಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜತೆ ಟ್ರಾಮಡಾಲ್ ಸೇರಿರುತ್ತದೆ. ಹೆಸರು ನೋಡಿ ಗೊತ್ತಾಗುವುದಿಲ್ಲ, ಪಟ್ಟಿಯ ಹಿಂದಿನ ಸಣ್ಣಕ್ಷರ ಓದಬೇಕು. ಉಳಿದ ಔಷಧಗಳಿಗೆ ವೈದ್ಯರ ಚೀಟಿ ಜತೆಗಿರಲಿ.

ಪ್ರವಾಸಿ ವೀಸಾದ ಮೇಲೆ ಹೋದವರು ದುಡ್ಡು ಪಡೆದು ಕುಣಿಯುವಂತಿಲ್ಲ. ಉತ್ಸವದಲ್ಲಿ ಪರಿಚಯವಾದವರು ನಾಳೆ ನಮ್ಮ ರೆಸ್ಟೊರೆಂಟಿನಲ್ಲಿ ಒಂದು ಪ್ರದರ್ಶನ ಕೊಡಿ ಎಂದರೆ ನಯವಾಗಿ ಬೇಡವೆನ್ನಿ. ವಿದೇಶಿ ನರ್ತಕಿಯರ ವಿಷಯದಲ್ಲಿ ಅಲ್ಲಿನ ಸರ್ಕಾರ ಹಿಂದೆಯೂ ಬಿಗಿ ಮಾಡಿದೆ: 2003ರಲ್ಲಿ ಅವರು ಕೆಲಸ ಮಾಡುವುದನ್ನೇ ನಿಷೇಧಿಸಿ, ಮರುವರ್ಷ ಅದನ್ನು ತೆಗೆದುಹಾಕಿತ್ತು. 2018ರಲ್ಲಿ ರಷ್ಯದ ನರ್ತಕಿಯೊಬ್ಬರ ಬಂಧನವಾಯಿತು. ವೇಷಭೂಷಣಕ್ಕೂ ನಿಯಮವಿದೆ, ಹೊಟ್ಟೆಯ ಭಾಗಕ್ಕೆ ತೆಳುವಾದ ಬಲೆಬಟ್ಟೆ, ಲಂಗದ ಒಳಗೆ ಚಡ್ಡಿ ಇರಬೇಕು. ಉತ್ಸವದ ಮುಕ್ತ ವೇದಿಕೆಗೂ ಇದನ್ನೇ ಪಾಲಿಸಿ. ನಿಮ್ಮ ಕುಣಿತದ ವಿಡಿಯೊವನ್ನು ಊರಿಗೆ ಬಂದ ಮೇಲೆ ಜಾಲತಾಣಗಳಲ್ಲಿ ಹಾಕಿಕೊಂಡರಾಯಿತು.

ಮದುವೆ ಮನೆಯಲ್ಲಿ ಎಲ್ಲರೂ ಕುಣಿಯುವ ದೇಶ ಅದು. ಆದರೂ ಇದನ್ನೇ ವೃತ್ತಿ ಮಾಡಿಕೊಂಡ ಹೆಣ್ಣನ್ನು ಗೌರವದಿಂದ ಕಾಣಲು ಅಲ್ಲಿನ ಸಮಾಜಕ್ಕೆ ಇನ್ನೂ ಆಗುತ್ತಿಲ್ಲ. ನಮ್ಮ ನಾಡಿನ ನೃತ್ಯಗಾತಿಯರೂ ಇದೇ ಕಣ್ಣನ್ನು ಎದುರಿಸಿ ಬಂದವರು. ಆದ್ದರಿಂದ ನಿಮಗೆ ಕಲಿಸುವವರನ್ನು ಗುರುವೆಂದೇ ನಡೆಸಿಕೊಳ್ಳಿ, ಚೌಕಾಸಿಗೆ ಇಳಿಯಬೇಡಿ, ಅವರ ಖಾಸಗಿ ಬದುಕಿನ ಬಗ್ಗೆ ಪ್ರಶ್ನೆ ಕೇಳಬೇಡಿ.

ಪಾಠದ ಕೋಣೆಯಲ್ಲಿ

ಈಜಿಪ್ಟಿನ ಹಿರಿಯ ಗುರುಗಳು ಸಾಮಾನ್ಯವಾಗಿ ಎಣಿಕೆ ಹೇಳಿ ಬಿಡಿಬಿಡಿಯಾಗಿ ಕಲಿಸುವುದಿಲ್ಲ. ಹಾಡು ಹಾಕುತ್ತಾರೆ, ಕುಣಿಯುತ್ತಾರೆ, ನೀವು ಹಿಂಬಾಲಿಸಬೇಕು. ಒಂದು, ಎರಡು, ಮೂರು ಎಂದು ಲೆಕ್ಕದಲ್ಲಿ ಕಲಿತವರಿಗೆ ಮೊದಲ ಅರ್ಧ ತಾಸು ಕಂಗಾಲಾಗುತ್ತದೆ. ಕೈ, ಕಾಲು ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಮೊದಲ ಸುತ್ತಿನಲ್ಲಿ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನಷ್ಟೇ ನೋಡಿ. ಎರಡನೆಯ ಸುತ್ತಿನಲ್ಲಿ ಸೊಂಟ. ಕೈ ಕೊನೆಗೆ ತಾನಾಗಿ ಬರುತ್ತದೆ. ಭರತನಾಟ್ಯದ ಹಿನ್ನೆಲೆಯವರಿಗೆ ಇನ್ನೊಂದು ಮಾತು: ಅರಮಂಡಿಯ ಅಭ್ಯಾಸ ಮಂಡಿಗಳನ್ನು ಹೊರಕ್ಕೆ ತೆರೆಸುತ್ತದೆ. ಇಲ್ಲಿ ಪಾದಗಳು ಸಮಾನಾಂತರ, ಮಂಡಿ ಸಡಿಲ, ಎದೆ ಎತ್ತರ. ಹೊರಕ್ಕೆ ತೆರೆದ ಮಂಡಿಯಲ್ಲಿ ಸೊಂಟದ ನಡುಕ ಸರಿಯಾಗಿ ಬರುವುದಿಲ್ಲ.

ಹೊಸ ಸಭಾಂಗಣದಲ್ಲಿ ಕನ್ನಡಿ ಇಲ್ಲದಿದ್ದರೆ ಗುರುವಿನ ಎದುರು ನಿಲ್ಲದೆ ಸ್ವಲ್ಪ ಓರೆಯಾಗಿ, ಅವರ ಬೆನ್ನೂ ಪಕ್ಕವೂ ಕಾಣುವಂತೆ ನಿಲ್ಲಿ. ಎ.ಸಿ. ಗಾಳಿ ನೇರ ಬೀಳುವ ಜಾಗ ತಪ್ಪಿಸಿ. ಜೂನ್, ಜುಲೈನಲ್ಲಿ ಹೊರಗೆ 35 ಡಿಗ್ರಿ ದಾಟಿದ ಬಿಸಿಲು, ಒಳಗೆ ನಡುಗಿಸುವ ತಂಪು, ಬೆವೆತ ಸ್ನಾಯು ಹಿಡಿದುಕೊಳ್ಳುವುದು ಇಲ್ಲಿಯೇ. ಪಾಠದ ನಡುವೆ ಮೊಬೈಲ್ ಎತ್ತಬೇಡಿ. ಕೊನೆಯಲ್ಲಿ ಗುರುಗಳು ಅನುಮತಿ ಕೊಟ್ಟಾಗ ಒಂದು ಸಲ ಚಿತ್ರೀಕರಿಸಿಕೊಳ್ಳಬಹುದು. ಅದೂ ನಿಮ್ಮ ಅಭ್ಯಾಸಕ್ಕೆ ಮಾತ್ರ. ತರಗತಿ ಮುಗಿದ ಹತ್ತು ನಿಮಿಷದೊಳಗೆ ಮೊಗಸಾಲೆಯ ಮೂಲೆಯಲ್ಲಿ ಕೂತು ಕಲಿತದ್ದನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದಿಡಿ. ಸಂಜೆಯ ಹೊತ್ತಿಗೆ ಅದರ ಅರ್ಧ ಮರೆತಿರುತ್ತದೆ.

ಗಾಲಾ ನೋಡುವಾಗ ವಾದ್ಯತಂಡದ ಎದುರಿನ ಬದಿಗೆ ಕುಳಿತುಕೊಳ್ಳಿ. ಅಕಾರ್ಡಿಯನ್, ಪಿಟೀಲು, ತಂತಿವಾದ್ಯ ಕಾನೂನ್, ಕೊಳಲಿನಂಥ ನೇ, ಖಂಜಿರದಂಥ ರಿಕ್, ತಬಲಾ ಎಲ್ಲ ಇರುವ ವಾದ್ಯವೃಂದವನ್ನು ನರ್ತಕಿಯ ಜತೆ ಹತ್ತಿರದಿಂದ ಕಾಣುವ ಅವಕಾಶ ನಮ್ಮ ಊರಿನಲ್ಲಿ ಸಿಗುವುದಿಲ್ಲ. ತಬಲಾ ವಾದಕನ ಕಣ್ಣು ನೋಡಿ. ಅದು ನರ್ತಕಿಯ ಸೊಂಟದಿಂದ ಕದಲುವುದಿಲ್ಲ. ಅವಳು ತುಸು ತಡೆದಳೆಂದರೆ ಅವನೂ ತಡೆಯುತ್ತಾನೆ, ಆ ತಡೆಯ ಮೇಲೆ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಒಂಟಿ ವಾದ್ಯದ ಆಲಾಪ, ಅಂದರೆ ತಕ್ಸೀಮ್ ನಡೆಯುವಾಗ ಚಪ್ಪಾಳೆ ಬೇಡ. ತಾಳ ಮರಳಿದ ಮೇಲೆ ಎಲ್ಲರೊಂದಿಗೆ ತಟ್ಟಿ.

ವೇಷಭೂಷಣದ ಸಂತೆಯಲ್ಲಿ ಮೊದಲ ದಿನ ಬರೀ ನೋಡಿ, ಬೆಲೆ ಕೇಳಿ, ಹಾಕಿಕೊಂಡು ಕುಣಿದು ನೋಡಿ. ಮಣಿ ಪೋಣಿಸಿದ ಎರಡು ತುಂಡಿನ ಬದ್ಲಾ ಭಾರವಾಗಿರುತ್ತದೆ, ವಿಮಾನದ ತೂಕದ ಮಿತಿ ನೆನಪಿರಲಿ. ಒಯ್ಯುವ ವೇಷ ಕೈಚೀಲದಲ್ಲಿರಲಿ; ದೊಡ್ಡ ಪೆಟ್ಟಿಗೆ ತಪ್ಪಿಹೋದರೂ ವೇದಿಕೆ ತಪ್ಪುವುದಿಲ್ಲ. ಸಯೀದಿ ಕುಣಿತದ ಕೋಲನ್ನು ಇಲ್ಲಿಂದ ಹೊರಬೇಡಿ, ಕೈರೋದಲ್ಲೇ ಸಿಗುತ್ತದೆ. ಬೆರಳಿನ ತಾಳ ಸಗಾತ್ ಕೊಳ್ಳಬೇಕೆಂದರೆ ಖಾನ್ ಎಲ್-ಖಲೀಲಿ ಪೇಟೆಗೆ ಹೋಗಿ, ಪ್ರತಿ ಜೋಡಿಯನ್ನೂ ಬಾರಿಸಿ ನಾದ ಕೇಳಿ ಆರಿಸಿಕೊಳ್ಳಿ. ಶುಕ್ರವಾರ ಬೆಳಗ್ಗೆ ಹೋಗಬೇಡಿ. ಮಧ್ಯಾಹ್ನದ ನಮಾಜ್ ಮುಗಿಯುವವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಅನ್ನ, ಮಸೂರ ಬೇಳೆ, ಮ್ಯಾಕರೋನಿ, ಟೊಮೆಟೊ ಸಾರು, ಹುರಿದ ಈರುಳ್ಳಿ ಸೇರಿದ ಕೊಶರಿ ಹೊಟ್ಟೆ ತುಂಬಿಸುತ್ತದೆ. ಬೆಳಗ್ಗೆ ಅವರೆಯಂಥ ಕಾಳನ್ನು ಬೇಯಿಸಿದ ಫೂಲ್, ಅದೇ ಕಾಳನ್ನು ಅರೆದು ಕರಿದ ತಾಮಿಯಾ. ಮುಲೂಖಿಯಾ ಸೊಪ್ಪಿನ ಸಾರು ನೋಡಲು ಸಸ್ಯಾಹಾರವೆಂದು ಕಂಡರೂ ಅದನ್ನು ಹೆಚ್ಚಾಗಿ ಕೋಳಿಯ ರಸದಲ್ಲೇ ಬೇಯಿಸುತ್ತಾರೆ, ಕೇಳಿ ತಿನ್ನಿ. ನಲ್ಲಿಯ ನೀರು ಕುಡಿಯಬೇಡಿ. ಕುಣಿಯುವ ಮೊದಲು ಎರಡು ತಾಸು ಹೊಟ್ಟೆ ಹಗುರವಾಗಿರಲಿ.

ಉತ್ಸವ ಮುಗಿದು ಊರಿಗೆ ಮರಳಿದ ಮೇಲೆ ಒಂದು ಕೆಲಸ ಬಾಕಿ ಉಳಿದಿರುತ್ತದೆ. ಹೊಸ ಜಾಗದ ಬಗ್ಗೆ ಸಂಘಟಕರಿಗೆ ವಿವರವಾಗಿ ಬರೆಯಿರಿ: ಯಾವ ಕೋಣೆಯ ನೆಲ ಮಂಡಿ ನೋಯಿಸಿತು, ಎಲ್ಲಿ ಧ್ವನಿ ಕೆಟ್ಟಿತ್ತು, ಎಷ್ಟು ಜನರಿಗೆ ಗುರು ಕಾಣಲಿಲ್ಲ, ಏನು ಚೆನ್ನಾಗಿತ್ತು. ನರ್ತಕರು ಈ ದೂರುಗಳನ್ನು ತಮ್ಮತಮ್ಮಲ್ಲೇ ಆಡಿಕೊಂಡು ಸುಮ್ಮನಾಗುತ್ತಾರೆ, ಹೋಟೆಲ್ ಒಪ್ಪಂದಕ್ಕೆ ಸಹಿ ಹಾಕುವವರ ಕಿವಿಗೆ ಅವು ತಲುಪುವುದೇ ಇಲ್ಲ. ನಿಮ್ಮ ಸ್ಟುಡಿಯೊದಲ್ಲಿ ಮುಂದಿನ ವರ್ಷ ಹೊರಡಲಿರುವ ಗೆಳತಿಯರಿಗೂ ಆ ಪತ್ರದ ಒಂದು ಪ್ರತಿ ಕೊಡಿ.